ಮಾವ ಬಿಚ್ಚಿದ ನೇಯ್ಗೆ

ಹಿಂದೆ ಕಂಬದ ಹತ್ತಿರ ಕೂತಿರುವ ತಾಯಂದಿರು ಮಾತು ಮುಗಿಸಿದರೆ ನಾನು ಒಂದು ಕಥೆ ಶುರು ಮಾಡುತ್ತೇನೆ. ಮುಗಿಯಿತೇ? ಆಗಲಿ.

ಒಂದು ಊರು. ಊರೆಂದ ಮೇಲೆ ಅಲ್ಲೊಬ್ಬ ಸಾಹುಕಾರ ಇರಲೇಬೇಕಲ್ಲ, ಇದ್ದ. ಆದರೆ ಇವತ್ತು ಅವನನ್ನು ಅವನ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಕೂರಲು ಬಿಡೋಣ. ಕರೆದಾಗ ಬರುತ್ತಾನೆ. ನಮ್ಮ ಕಥೆಯವನು ಅದೇ ಊರಿನ ಕೊನೆಯ ಓಣಿಯಲ್ಲಿದ್ದ ಒಬ್ಬ ನೇಕಾರ. ದೃಷ್ಟಾಂತದೊಳಗಿನ ಮನುಷ್ಯನಿಗೆ ಹೆಸರು ಬೇಡ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹೆಸರಿಲ್ಲದವನ ತಪ್ಪನ್ನು ನಾವು ಮನೆಗೆ ಹೋಗುವಷ್ಟರಲ್ಲಿ ಮರೆತುಬಿಡುತ್ತೇವೆ. ಅದಕ್ಕೇ ಇವನನ್ನು ಗುಡ್ಡಪ್ಪ ಎಂದು ಕರೆಯೋಣ. ಈ ಸಭೆಯಲ್ಲಿ ಯಾರಾದರೂ ಗುಡ್ಡಪ್ಪ ಇದ್ದರೆ ಮುನಿಸಿಕೊಳ್ಳಬೇಡಿ, ಕಥೆ ಮುಗಿಯುವ ಹೊತ್ತಿಗೆ ಇದು ಪಕ್ಕದವನ ಕಥೆ ಎಂದು ನಿಮಗೇ ಅನ್ನಿಸುತ್ತದೆ.

ಈ ಗುಡ್ಡಪ್ಪನ ಮನೆಯ ಪಡಸಾಲೆಯಲ್ಲೇ ಮಗ್ಗ. ನೆಲದಲ್ಲಿ ಒಂದು ಕುಣಿ, ಕುಣಿಯ ಅಂಚಿನಲ್ಲಿ ಕೂತು ಕಾಲು ಒಳಗೆ ಇಳಿಬಿಟ್ಟು ನೇಯಬೇಕು. ಅವನು ನೇಯುತ್ತಿದ್ದದ್ದು ಉಣ್ಣೆಯ ಶಾಲು. ನೋಡಿ, ಶಾಲು ಅಂದ ಕೂಡಲೇ ನಿಮಗೆ ಸನ್ಮಾನದ ಶಾಲು ನೆನಪಾಗುತ್ತದೆ, ಹೊದಿಸಿ ಫೋಟೋ ತೆಗೆಸಿಕೊಂಡು ಆಮೇಲೆ ಟ್ರಂಕಿನೊಳಗೆ ಇಟ್ಟು ಮರೆಯುವ ಮಿರಿಮಿರಿ ಶಾಲು. ಅದಲ್ಲ ಇದು. ಕುರಿಮರಿಯ ಮೊದಲ ಉಣ್ಣೆಯನ್ನು ಕತ್ತರಿಸಿ, ಹಿಂಜಿ, ಕೈಯಲ್ಲೇ ನೂತು, ಹುಣಸೆ ಬೀಜದ ಗಂಜಿ ಕುಡಿಸಿ, ಬಿಸಿಲಿಗೆ ಒಣಗಿಸಿ, ಆಮೇಲೆ ಮಗ್ಗಕ್ಕೆ ಏರಿಸಿ ನೇಯ್ದ ಶಾಲು. ಕಂಬಳಿಗಿಂತ ತೆಳು, ಕಂಬಳಿಯಷ್ಟೇ ಬೆಚ್ಚಗೆ. ಗುಡ್ಡಪ್ಪ ನೇಯ್ದ ಶಾಲನ್ನು ತಂದೆ ಹೊದ್ದು, ಆಮೇಲೆ ಮಗ ಹೊದ್ದ ಮನೆಗಳು ಸುತ್ತ ಹತ್ತು ಹಳ್ಳಿಯಲ್ಲಿ ಇದ್ದವು. ಅವನ ಅಂಚಿನಲ್ಲಿ ಒಂದು ಎಳೆಯೂ ಒಳಗೆ ಹೊರಗೆ ಆಗುತ್ತಿರಲಿಲ್ಲ. ಇದು ಅವನಿಗೆ ಗೊತ್ತಿತ್ತು. ಸ್ವಲ್ಪ ಜಾಸ್ತಿಯೇ ಗೊತ್ತಿತ್ತು.

ಅರವತ್ತು ದಾಟಿದ ಮೇಲೆ ಗುಡ್ಡಪ್ಪನ ಮಂಡಿ ಕೈಕೊಟ್ಟವು. ಕುಣಿಯೊಳಗೆ ಕಾಲಿಟ್ಟು ಒಂದು ಗಂಟೆ ಕೂತರೆ ಏಳಲು ಇಬ್ಬರು ಬೇಕು. ಹೆಂಡತಿ ಹೋಗಿ ವರ್ಷಗಳಾಗಿದ್ದವು. ಇದ್ದವಳು ಒಬ್ಬಳೇ ಮಗಳು, ಮಾಳವ್ವ. ಅವಳು ನೂತರೆ ನೂಲಿಗೆ ಗಂಟೇ ಇರುತ್ತಿರಲಿಲ್ಲ. ಆದರೆ ಆ ಓಣಿಯ ಪದ್ಧತಿ ಹೇಗೆಂದರೆ ನೂಲುವುದು ಹೆಂಗಸರ ಕೆಲಸ, ನೇಯುವುದು ಗಂಡಸರದು. ಹಾಗಾಗಿ ಗುಡ್ಡಪ್ಪ ಮನೆ ಅಳಿಯನನ್ನು ತಂದ. ಹಾಲೇಶ ಅವನ ಹೆಸರು. ಮೂವತ್ತರ ಗಟ್ಟಿ ಆಳು, ಕುರಿ ಕಾಯುವ ಮನೆತನ. ಹುಟ್ಟಿದಾಗಿನಿಂದ ಹಿಂಡಿನ ಹಿಂದೆ ನಡೆದವನು. ನಡೆ ಅಂದರೆ ದಿನಕ್ಕೆ ಹತ್ತು ಹರದಾರಿ ನಡೆದಾನು, ಕೂರು ಅಂದರೆ ಕಷ್ಟ. ಅಂಥವನನ್ನು ತಂದು ಕುಣಿಯ ಅಂಚಿಗೆ ಕೂರಿಸಿ ಮಾವ ಅಡ್ಡ ನೂಲು ಹಾಯಿಸುವ ಲಾಳಿಯನ್ನು ಕೈಗೆ ಕೊಟ್ಟ.

ಮನೆ ಅಳಿಯನ ಬಾಳು ನಿಮಗೆ ಹೇಳಬೇಕಿಲ್ಲ. ಓಣಿಯವರು ಹಾಯುವಾಗ ಒಳಗೆ ಇಣುಕಿ ನೋಡುವರು, ನಕ್ಕು ಮುಂದೆ ಹೋಗುವರು. ಹಾಲೇಶ ಎಲ್ಲವನ್ನೂ ನುಂಗಿಕೊಂಡು ಕಲಿತ. ಕಲಿತ ಅಂದರೆ, ಕಲಿಯುತ್ತಿದ್ದ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಅಂಚು ಒಳಗೆ ಸರಿದು ಸರಿದು ಹಾವು ಹರಿದ ಹಾಗೆ ಆಗುತ್ತಿತ್ತು.

ಅಷ್ಟರಲ್ಲಿ ಸಾಹುಕಾರನಿಂದ ಕರೆ ಬಂತು. ಅವನ ತಾಯಿಗೆ ಎಂಬತ್ತೈದು ವಯಸ್ಸು. ಅಂಗಡಿಯಿಂದ ತಂದ ರಗ್ಗು ಅವಳಿಗೆ ಆಗದು, ಮೈಗೆ ಹತ್ತುವುದಿಲ್ಲ ಎನ್ನುವಳು. ಗುಡ್ಡಪ್ಪನ ಶಾಲೇ ಬೇಕು.

"ನನ್ನ ಮಂಡಿ ಹೋಗ್ಯಾವ್ರಿ ಸಾವ್ಕಾರ್ರ. ಅಳಿಯ ನೇಯ್ತಾನ. ನಾ ಬಾಜೂಕ ಕುಂತು ನೇಯಿಸ್ತೀನಿ" ಎಂದ ಗುಡ್ಡಪ್ಪ.

"ಯಾರರ ನೇಯ್ರಿ. ಹೆಸರು ನಿಂದು" ಎಂದ ಸಾಹುಕಾರ.

ಆ ಸಂಜೆ ಹಾಲೇಶ ಹೆಂಡತಿಯ ಹತ್ತಿರ ಒಂದು ಮಾತು ಹೇಳಿದ. "ಮಾಳವ್ವಾ, ಈ ಶಾಲು ಚಲೋ ಬಂತಂದ್ರ ಇಲ್ಲೇ ಇರ್ತೀನಿ. ಇದೂ ಕೆಡ್ತಂದ್ರ ನಮ್ಮಣ್ಣನ ಕುರಿ ಹಿಂದ ಹೋಗೂದು. ನೀನೂ ಬರಬೇಕಾಕೈತಿ. ಓಣಿ ಮಂದಿ ನಗೂದು ಕೇಳಿ ಕೇಳಿ ಸಾಕಾಗೈತಿ ನನಗ."

ಮಾಳವ್ವ ಅದನ್ನು ತಂದೆಗೆ ಹೇಳಿದಳು. ಹೇಳಬಾರದಿತ್ತೋ ಏನೋ. ಆದರೆ ಅಪ್ಪನೂ ಬೇಕು, ಗಂಡನೂ ಬೇಕು ಅನ್ನುವ ಹೆಣ್ಣುಮಗಳು ಇನ್ನೇನು ಮಾಡಿಯಾಳು? ಗುಡ್ಡಪ್ಪ ಲೆಕ್ಕ ಹಾಕಿದ. ಮಗಳು ಹೋದರೆ ಮನೆ ಹೋಯಿತು, ಮಗ್ಗವೂ ಹೋಯಿತು. ಈ ಶಾಲು ಕೆಡಬಾರದು. ಏನಾದರೂ ಆಗಲಿ, ಈ ಶಾಲು ಕೆಡಬಾರದು.

ಇಲ್ಲಿಯವರೆಗೆ ಗುಡ್ಡಪ್ಪನದು ಏನಾದರೂ ತಪ್ಪಿದೆಯೇ? ನನಗಂತೂ ಕಾಣುವುದಿಲ್ಲ. ಇನ್ನು ಮುಂದೆ ನೋಡಿ.

ಹಾಲೇಶ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೇಯುತ್ತಿದ್ದ. ಉಂಡು ಎದ್ದು, ಮನೆಯ ಹತ್ತು ಕುರಿಗಳನ್ನು ಹೊಡೆದುಕೊಂಡು ಹಳ್ಳದ ಕಡೆ ಹೋಗುತ್ತಿದ್ದ. ಮಾಳವ್ವ ಉಣ್ಣೆಯ ಪುಟ್ಟಿ ಎತ್ತಿಕೊಂಡು, ಓಣಿಯ ಹೆಂಗಸರೆಲ್ಲ ಸೇರಿ ನೂಲುವ ಬೇವಿನ ಮರದ ಕೆಳಗೆ ಹೋಗುತ್ತಿದ್ದಳು. ಮನೆಯಲ್ಲಿ ಗುಡ್ಡಪ್ಪ ಒಬ್ಬನೇ. ಒಂದು ದಿನ ಅವನು ಮೆಲ್ಲಗೆ ಹೋಗಿ ಅಳಿಯ ನೇಯ್ದದ್ದನ್ನು ನೋಡಿದ. ನೋಡಬಾರದಿತ್ತು. ಅಂಚು ಸೊಟ್ಟ, ಮೈ ಸೊಟ್ಟ. ಗೋಡೆ ಹಿಡಿದು ಹಲ್ಲು ಕಚ್ಚಿ ಕುಣಿಯೊಳಗೆ ಕಾಲು ಇಳಿಸಿದ. ಅಳಿಯ ಅವತ್ತು ನೇಯ್ದಿದ್ದ ನಾಲ್ಕು ಬೆರಳನ್ನೂ ಪೂರ್ತಿ ಬಿಚ್ಚಿದ. ಅದೇ ನೂಲಿನಿಂದ ಮತ್ತೆ ನೇಯ್ದ. ಈಗ ಚೆಂದವಾಯಿತು. ಏಳಲಾಗದೆ ಮಗ್ಗದ ಗೂಟ ಹಿಡಿದು ಎದ್ದು, ಏನೂ ಗೊತ್ತಿಲ್ಲದವನಂತೆ ಕಟ್ಟೆಗೆ ಬಂದು ಕೂತ.

ಇದು ಒಂದು ದಿನಕ್ಕೇ ಅಂದುಕೊಂಡಿದ್ದ. ಚಟ ಯಾವುದೇ ಇರಲಿ, ಮೊದಲು ಒಂದು ದಿನಕ್ಕೇ ಅಂತಲೇ ಬರುತ್ತದೆ. ಮರುದಿನವೂ ಬಿಚ್ಚಿದ. ಅದರ ಮರುದಿನವೂ. ನೇಯಲು ಕೂರಲಾಗದ ಮಂಡಿಗೆ ಬಿಚ್ಚಲು ಕೂರುವ ಶಕ್ತಿ ಎಲ್ಲಿಂದ ಬಂತು ಎಂದು ನೀವು ಕೇಳಬೇಡಿ. ಇನ್ನೊಬ್ಬರ ಕೆಲಸ ಬಿಚ್ಚುವುದಕ್ಕೆ ನಮಗೆಲ್ಲ ಎಲ್ಲಿಂದಲೋ ಶಕ್ತಿ ಬರುತ್ತದೆ.

ಮಧ್ಯದಲ್ಲಿ ಮೂರು ದಿನ ಮಾತ್ರ ಗುಡ್ಡಪ್ಪನಿಗೆ ಚಳಿಜ್ವರ ಬಂತು. ಮೂರು ದಿನ ಮೂಲೆ ಹಿಡಿದು ಮಲಗಿದ. ಆ ಮೂರು ದಿನ ಅಳಿಯ ನೇಯ್ದದ್ದು ನೇಯ್ದ ಹಾಗೇ ಉಳಿಯಿತು. ಜ್ವರ ಬಿಟ್ಟು ಎದ್ದು ನೋಡುವಾಗ ಅದು ಮಗ್ಗದ ಮುಂದಿನ ದಿಂಡಿಗೆ ಸುತ್ತಿಕೊಂಡು ಹೋಗಿತ್ತು, ಕೈಗೆ ಸಿಗಲಿಲ್ಲ.

ಇನ್ನು ಹಾಲೇಶನ ಸ್ಥಿತಿ ಕೇಳಿ. ಪಾಪ, ಅವನಿಗೆ ಏನೂ ಗೊತ್ತಿಲ್ಲ. ಬೆಳಿಗ್ಗೆ ಮಗ್ಗಕ್ಕೆ ಬಂದು ಕೂತರೆ ನಿನ್ನೆಯ ನೇಯ್ಗೆ ತಾನು ನೆನೆದದ್ದಕ್ಕಿಂತ ಚೆಂದ ಕಾಣುತ್ತದೆ. ಕಣ್ಣುಜ್ಜಿಕೊಂಡು ನೋಡುತ್ತಾನೆ, ಹೌದು, ಚೆಂದವೇ ಇದೆ.

"ಮಾವಾರ, ನನ್ನ ಕೈ ಹದಕ್ಕ ಬರಾಕತ್ತೈತಿ ನೋಡ್ರಿ" ಎಂದು ಒಂದು ದಿನ ನಗುತ್ತಾ ಹೇಳಿದ.

"ಹೂಂ, ಬರ್ತೈತಿ ಬರ್ತೈತಿ" ಎಂದ ಮಾವ. ಆ ನಗು ನೋಡಿ ಗುಡ್ಡಪ್ಪನಿಗೆ ಸಂತೋಷವೂ ಆಯಿತು, ಹೊಟ್ಟೆಯೊಳಗೆ ಏನೋ ಚುಚ್ಚಿದ ಹಾಗೂ ಆಯಿತು. ಚುಚ್ಚಿದ್ದನ್ನು ಅವನು ವಾಯು ಅಂದುಕೊಂಡ.

ದೀಪಾವಳಿಯ ಮುಂದೆ ಶಾಲು ಮುಗಿಯಿತು. ಸಾಹುಕಾರ ಕೈಯಲ್ಲಿ ಹಿಡಿದು ನೋಡಿ ಮೆಚ್ಚಿ ತಲೆದೂಗಿದ. ಹಾಲೇಶ ಓಣಿಯಲ್ಲಿ ಎದೆ ಎತ್ತಿ ನಡೆದ. ಮಾಳವ್ವ ಹೋಳಿಗೆ ಮಾಡಿದಳು. ಎರಡು ತಿಂಗಳು ಆ ಮನೆಯಲ್ಲಿ ನಗು ಇತ್ತು. ಮಗ್ಗದ ಮೇಲೆ ಇನ್ನೊಂದು ಶಾಲು ಏರಿತ್ತು. ಮಾವನ ಮಧ್ಯಾಹ್ನದ ಕೆಲಸವೂ ನಡೆದೇ ಇತ್ತು.

ಸಂಕ್ರಾಂತಿಯ ಚಳಿ ಬಿತ್ತು. ಒಂದು ಬೆಳಿಗ್ಗೆ, ಹಾಲೇಶ ಮಗ್ಗದಲ್ಲಿ ಕೂತಿದ್ದಾಗ, ಸಾಹುಕಾರ ತಾನೇ ಜೀಪಿನಲ್ಲಿ ಬಂದ. ಚಪ್ಪಲಿ ಬಿಡದೆ ಪಡಸಾಲೆಗೆ ಬಂದು, ಶಾಲನ್ನು ಮಗ್ಗದ ಮೇಲಿದ್ದ ಅರ್ಧ ನೇಯ್ಗೆಯ ಮೇಲೆಯೇ ಒಗೆದ. ಶಾಲು ಮೂರು ಕಡೆ ಬಾಯಿ ಬಿಟ್ಟಿತ್ತು.

"ಏನ್ ಗುಡ್ಡಪ್ಪ, ನಮ್ಮವ್ವ ಹೆಗಲ ಮ್ಯಾಲೆ ಎಳಕೊಂಡ್ಳು, ಪರ್ ಅಂತು. ನಿನ್ನ ಹೆಸರು ನೋಡಿ ಕೊಟ್ಟಿದ್ದೆ. ನಿನ್ನ ಅಳಿಯ ಜೇಡರ ಬಲಿ ನೇಯ್ದು ಕೊಟ್ಟಾನ ನೋಡು."

ಹಾಲೇಶ ತಲೆ ತಗ್ಗಿಸಿದ. ಕುಣಿಯೊಳಗಿದ್ದ ಅವನ ಕಾಲು ಅಲುಗಲಿಲ್ಲ.

ಗುಡ್ಡಪ್ಪ ಶಾಲನ್ನು ತೊಡೆಯ ಮೇಲೆ ಎಳೆದುಕೊಂಡು ಬೆರಳು ಆಡಿಸಿದ. ಆ ಬೆರಳಿಗೆ ನಲವತ್ತು ವರ್ಷದ ಅಭ್ಯಾಸ. ಹರಿದ ಜಾಗದಲ್ಲಿ ನೇಯ್ಗೆ ಸಮ, ಅಂಚು ನೇರ. ಇದು ಅಳಿಯನ ಕೈಯಲ್ಲ. ಇದು ತನ್ನ ಕೈ. ಎಳೆಗಳನ್ನು ಮುಟ್ಟಿದ. ಉಣ್ಣೆಯ ಮೇಲಿನ ಜುಂಗೇ ಇಲ್ಲ, ಬೋಳು. ಅವನಿಗೆ ಆಗಲೇ ಗೊತ್ತಾಯಿತು.

ನಿಮಗೂ ಗೊತ್ತಾಗಲಿ, ಕೇಳಿ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳಿಗೆ ಹಾಸು ಅನ್ನುತ್ತಾರೆ. ಗಂಜಿ ಕುಡಿಸುವುದು ಆ ಹಾಸಿನ ಎಳೆಗಳಿಗೇ. ಅಡ್ಡ ನೂಲನ್ನು ಹಾಕಿ ಮರದ ಹಲಗೆಯಿಂದ ಬಡಿಯುವಾಗ ಹಾಸು ತಿಕ್ಕಾಟ ತಿನ್ನುತ್ತದೆ. ಒಂದು ಸಲ ತಿಂದರೆ ತಡೆಯುತ್ತದೆ, ಗಂಜಿ ಇರುವುದೇ ಅದಕ್ಕೆ. ಬಿಚ್ಚಿದರೆ ಇನ್ನೊಂದು ತಿಕ್ಕು. ಮತ್ತೆ ನೇಯ್ದರೆ ಮೂರನೆಯದು. ಗಂಜಿ ಉದುರುತ್ತದೆ, ಎಳೆ ಸವೆಯುತ್ತದೆ. ಕಣ್ಣಿಗೆ ಚೆಂದ, ಒಳಗೆ ಪೊಳ್ಳು. ಕೈನೂಲಿನ ಉಣ್ಣೆಯನ್ನು ಮಗ್ಗದ ಮೇಲೆ ಬಿಚ್ಚಬಾರದು ಅನ್ನುವುದು ಆ ಓಣಿಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಗುಡ್ಡಪ್ಪನಿಗೆ ಅವನಪ್ಪ ಬೆನ್ನಿಗೆ ಗುದ್ದಿ ಗುದ್ದಿ ಕಲಿಸಿದ್ದ. ಗೊತ್ತಿದ್ದೂ ಬಿಚ್ಚಿದ. ನಾಲ್ಕು ಬೆರಳಿಗೆ ಏನಾಗುತ್ತದೆ, ನನ್ನ ಕೈಯಲ್ಲಿ ಏನಾಗುತ್ತದೆ ಅಂದುಕೊಂಡು ಬಿಚ್ಚಿದ.

ಮತ್ತೆ ಆ ಜ್ವರದ ಮೂರು ದಿನದ ನೇಯ್ಗೆ? ಅದೂ ಶಾಲಿನ ನಡುವೆಯೇ ಇತ್ತು. ಸೊಟ್ಟಗೆ, ಉಬ್ಬುತಗ್ಗಾಗಿ, ಆದರೆ ಇಡಿಯಾಗಿ. ಗುಡ್ಡಪ್ಪ ಅದನ್ನು ಎರಡೂ ಕೈಯಿಂದ ಹಿಡಿದು ಎಳೆದ. ಜಗ್ಗಲಿಲ್ಲ.

ಈಗ ಹೇಳಿ. ಸಾಹುಕಾರ ಎದುರಿಗೆ ನಿಂತಿದ್ದಾನೆ. ಅಳಿಯ ತಲೆ ತಗ್ಗಿಸಿ ಕೂತಿದ್ದಾನೆ. ಮಗಳು ಬಾಗಿಲಲ್ಲಿ ಇದ್ದಾಳೆ. ನಿಜ ಹೇಳಿದರೆ ನಲವತ್ತು ವರ್ಷದ ಹೆಸರು ಹೋಗುತ್ತದೆ. ಹೇಳದಿದ್ದರೆ ಅಳಿಯ ಹೋಗುತ್ತಾನೆ, ಅವನ ಹಿಂದೆ ಮಗಳೂ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಮುಂದೆ ಕೂತ ಹಿರಿಯರು ಬೇಗ ತಲೆ ಆಡಿಸುತ್ತಿದ್ದಾರೆ, ನಿಜ ಹೇಳುತ್ತಿದ್ದೆವು ಎಂದು. ಸ್ವಲ್ಪ ತಾಳಿ.

ಗುಡ್ಡಪ್ಪ ಗಂಟಲು ಸರಿಮಾಡಿಕೊಂಡ. "ಹೊಸಾ ಕೈ ರೀ ಸಾವ್ಕಾರ್ರ. ಕಲಿಯಾಕತ್ತಾನ. ಹೊಟ್ಟ್ಯಾಗ ಹಾಕ್ಕೊಳ್ರಿ" ಎಂದ.

ನೋಡಿ ಹೇಗಿದೆ! ಇದರಲ್ಲಿ ಸುಳ್ಳು ಎಲ್ಲಿದೆ, ಹುಡುಕಿ. ಕೈ ಹೊಸದೇ? ಹೌದು. ಕಲಿಯುತ್ತಿದ್ದನೇ? ಹೌದು. ಬಿಡಿ ಬಿಡಿಯಾಗಿ ಎಲ್ಲ ನಿಜ. ಕೂಡಿಸಿದರೆ ಹಸಿ ಸುಳ್ಳು. ನಾವು ದೊಡ್ಡವರು ಹೇಳುವ ಸುಳ್ಳೆಲ್ಲ ಇಂಥವೇ.

ಸಾಹುಕಾರ ಗೊಣಗುತ್ತಾ ಜೀಪು ಹತ್ತಿ ಹೋದ. ಹಾಲೇಶ ಲಾಳಿಯನ್ನು ಮೆಲ್ಲಗೆ ಕೆಳಗಿಟ್ಟು ಕುಣಿಯಿಂದ ಮೇಲೆದ್ದ.

"ಮಾವಾರ, ಈ ಕೆಲಸ ನನ್ನ ಹಣ್ಯಾಗ ಬರದಿಲ್ಲ ಬಿಡ್ರಿ. ನಿಮ್ಮ ಹೆಸರು ಕೆಡಿಸಿದೆ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಗುಡ್ಡಪ್ಪನಿಗೆ ಸುಲಭವಾಗುತ್ತಿತ್ತು. ಅವನು ಒಳಗೆ ಹೋಗಿ ತನ್ನ ಕಂಬಳಿ, ಪಂಚೆ ಮಡಚತೊಡಗಿದ.

ಮಾಳವ್ವ ತಂದೆಯ ಎದುರಿಗೆ ಬಂದು ಕೂತಳು.

"ಯಪ್ಪಾ, ಮಗ್ಗದ ಕುಣ್ಯಾಗಿನ ಕಸ ದಿನಾ ಬಳಿಯಾಕಿ ನಾನು. ಒಬ್ಬರ ಒಂದ ಸಲ ನೇಯ್ದರ ಒಂದು ಹಿಡಿ ಜುಂಗು ಬೀಳತೈತಿ. ನಮ್ಮನ್ಯಾಗ ಎರಡು ಹಿಡಿ ಬೀಳಾಕತ್ತಿತ್ತು."

ಗುಡ್ಡಪ್ಪ ತೊಡೆಯ ಮೇಲಿದ್ದ ಹರಿದ ಶಾಲನ್ನು ಮಡಚತೊಡಗಿದ.

"ನನಗ ಗೊತ್ತಿತ್ತು. ಮುದುಕಪ್ಪ, ಯಾಕ ನೋಯಿಸಲಿ ಅಂತ ಬಾಯಿ ಮುಚ್ಚಿಕೊಂಡಿದ್ದೆ. ತಪ್ಪು ನಂದೂ ಐತಿ."

"ನೀವು ಇಲ್ಲೇ ಇರ್ಲಿ ಅಂತ ಮಾಡಿದ್ನವ್ವಾ" ಎಂದ ಗುಡ್ಡಪ್ಪ.

"ಇರ್ಲಿ ಅಂತ ಮಾಡಿ, ಹೋಗೂ ಹಂಗ ಮಾಡಿದಿ" ಎಂದಳು ಮಾಳವ್ವ. ಎದ್ದು ಗಂಡನಿಗೆ ಬುತ್ತಿ ಕಟ್ಟಲು ಒಳಗೆ ಹೋದಳು. ರೊಟ್ಟಿ ಎಣಿಸುವಾಗ ತನ್ನ ಪಾಲಿನವನ್ನೂ ಸೇರಿಸಿ ಎಣಿಸಿದಳು. ಗುಡ್ಡಪ್ಪ ಅದನ್ನು ಕಂಡ.

ಸುಳ್ಳನ್ನು ಕೂತಲ್ಲೇ ಹೇಳಬಹುದು. ನಿಜ ಹೇಳಲು ಎದ್ದು ನಡೆಯಬೇಕಾಗುತ್ತದೆ, ಅದೂ ಮಂಡಿ ನೋವಿನವನು. ಗುಡ್ಡಪ್ಪ ಹರಿದ ಶಾಲನ್ನು ಹೆಗಲಿಗೆ ಹಾಕಿಕೊಂಡು ಹೊರಟ. ರುಮಾಲು ಸುತ್ತಿಕೊಳ್ಳುವುದನ್ನು ಮರೆತ, ಕೋಲನ್ನೂ ಮರೆತ. ನಲವತ್ತು ವರ್ಷದಲ್ಲಿ ಅವನ ಬೋಳು ತಲೆಯನ್ನು ಊರು ಕಂಡಿರಲಿಲ್ಲ. "ಎಲ್ಲಿಗಿ ಮಾವಾ, ಬರಿ ತಲಿಲೇ?" ಎಂದು ಯಾರೋ ಕೇಳಿದರು. ಅವನು ನಿಲ್ಲಲಿಲ್ಲ. ಮನೆಯೊಳಗಿಂದ ಹಾಲೇಶ ಅದನ್ನು ನೋಡಿದ. ಎಷ್ಟು ಬೇಜಾರಿದ್ದರೂ ಮುದುಕ ಕೋಲಿಲ್ಲದೆ ಎಲ್ಲಾದರೂ ಬಿದ್ದಾನೆಂದು ಕೋಲು ಹಿಡಿದು ಹಿಂದೆ ಹೊರಟ. ಕುರಿ ಕಾದವನಲ್ಲವೇ, ಕುಂಟುವುದನ್ನು ಹಿಂದೆ ಬಿಟ್ಟು ಹೋಗಿ ಅಭ್ಯಾಸವಿಲ್ಲ.

ಸಾಹುಕಾರ ನಾವು ಕೂರಿಸಿದ ಕಟ್ಟೆಯ ಮೇಲೆಯೇ ಇದ್ದ. ಜೊತೆಗೆ ನಾಲ್ಕು ಜನ. ಗುಡ್ಡಪ್ಪ ಕೆಳಗೆ ನಿಂತು ಏದುಸಿರು ಬಿಟ್ಟ.

"ಸಾವ್ಕಾರ್ರ, ಆಗ ನಾ ಆಡಿದ್ದು ಸುಳ್ಳು. ಇದನ್ನ ಹರದಾಂವ ನಾನು. ಅಳಿಯ ನೇಯ್ದದ್ದನ್ನ ದಿನಾ ಕದ್ದು ಬಿಚ್ಚಿ ನಾ ನೇಯ್ತಿದ್ದೆ. ಬಿಚ್ಚಿದಲ್ಲೆಲ್ಲಾ ಹಾಸು ಸವದೈತಿ. ಹರಿದಿದ್ದೆಲ್ಲಾ ನನ್ನ ಕೈ. ಅವನ ಕೈ ನೋಡ್ರಿ, ಇಲ್ಲಿ ಐತಿ, ಈ ಸೊಟ್ಟಂದು. ಜಗ್ಗಿ ನೋಡ್ರಿ ಬೇಕಾರ."

ನೀವು ಏನಂದುಕೊಂಡಿರಿ? ಸಾಹುಕಾರ ಎದ್ದು ಬಂದು ಅಪ್ಪಿಕೊಂಡ ಅಂತಲೇ? ಅವನು ಚಹಾದ ಬಸಿ ಕೆಳಗಿಟ್ಟು, "ಯಾರ ಕೈ ಆದ್ರ ನನಗೇನೋ ಮಾರಾಯ, ಹರಿದದ್ದು ಹರೀತು" ಎಂದ. ಅಷ್ಟೇ. ಜೊತೆಗಿದ್ದವರಲ್ಲಿ ಒಬ್ಬ ನಕ್ಕ. ನಲವತ್ತು ವರ್ಷದ ಹೆಸರು ಎರಡು ಮಾತಿನಲ್ಲಿ ಹೋಯಿತು. ಆದರೆ ಗುಡ್ಡಪ್ಪನಿಗೆ ಆಶ್ಚರ್ಯವಾಯಿತು, ಮೈ ಹಗುರವಾದಂತೆ ಅನ್ನಿಸಿತು.

ಹಿಂದಿನಿಂದ ಒಂದು ದನಿ ಬಂತು. "ಹಂಗಾರ ಆ ಚೆಂದ ಇದ್ದದ್ದು ನಂದಲ್ಲೇನ್ರಿ ಮಾವಾರ?"

ಹಾಲೇಶ ಕೋಲು ಹಿಡಿದು ನಿಂತಿದ್ದ. ಎಲ್ಲ ಕೇಳಿದ್ದ. ಎರಡು ತಿಂಗಳು ಎದೆ ಎತ್ತಿ ನಡೆದ ಹೆಮ್ಮೆ ಒಡೆದುಹೋದದ್ದು ಅವನ ಮುಖದಲ್ಲಿ ಕಾಣುತ್ತಿತ್ತು.

ಗುಡ್ಡಪ್ಪ ತಿರುಗಿದ. ಇದು ಸಾಹುಕಾರನ ಮುಂದೆ ಹೇಳಿದ್ದಕ್ಕಿಂತ ಕಷ್ಟವಾಗಿತ್ತು. "ಇಲ್ಲಪ್ಪಾ. ಚೆಂದ ಇದ್ದದ್ದು ನಂದು. ಗಟ್ಟಿ ಇದ್ದದ್ದು ನಿಂದು."

ಹಾಲೇಶ ಶಾಲಿನ ಆ ಸೊಟ್ಟ ಜಾಗವನ್ನು ನೋಡಿದ. "ಗಟ್ಟಿ ಐತೇನ್ರಿ?" ಎಂದು ಕೇಳಿದ.

"ನಾನ ಎರಡೂ ಕೈಲೆ ಜಗ್ಗೀನಿ. ಬಂದಿಲ್ಲ."

ಅಷ್ಟರಲ್ಲಿ ಒಳಗಿನಿಂದ ಸಾಹುಕಾರನ ತಾಯಿ ಗೋಡೆ ಹಿಡಿದುಕೊಂಡು ಬಂದಳು. ಕಿವಿ ಚುರುಕಿನ ಮುದುಕಿ. ಶಾಲನ್ನು ಇಸಿದುಕೊಂಡು ಆ ಸೊಟ್ಟ ಜಾಗವನ್ನು ಹುಡುಕಿ, ಮುಖಕ್ಕೆ ಒತ್ತಿಕೊಂಡು ನೋಡಿದಳು.

"ಇನ್ನೊಂದು ನೇಯ್ರಿ" ಎಂದಳು. "ಈ ಸೊಟ್ಟ ನೇಯ್ದಾನಲ್ಲ, ಅವನ ನೇಯಲಿ. ನಾ ಹೊದ್ಕೊಳ್ಳಾಕ ಕೇಳೀನಿ, ಗ್ವಾಡಿಗೆ ತೂಗ ಹಾಕಾಕಲ್ಲ. ಗುಡ್ಡಪ್ಪಾ, ನೀ ಮಾತ್ರ ಕೈ ಹಚ್ಚಬ್ಯಾಡೋ ಪುಣ್ಯಾತ್ಮಾ."

ಮಾವ ಅಳಿಯ ಮನೆಯ ದಾರಿ ಹಿಡಿದರು. ಕೋಲು ಮಾವನ ಕೈಯಲ್ಲಿತ್ತು, ಮಾವನ ರಟ್ಟೆ ಅಳಿಯನ ಕೈಯಲ್ಲಿತ್ತು. ಮನೆಗೆ ಬಂದು ಹಾಲೇಶ ಮಡಚಿಟ್ಟ ಕಂಬಳಿಯನ್ನು ಬಿಚ್ಚಲಿಲ್ಲ, ಎತ್ತಿಕೊಂಡು ಹೋಗಲೂ ಇಲ್ಲ. ಅದು ಮೂಲೆಯಲ್ಲೇ ಇತ್ತು. ಮಗ್ಗದ ಮೇಲಿದ್ದ ಸವೆದ ಹಾಸನ್ನು ಇಳಿಸಿ, ಹೊಸ ಹಾಸು ಏರಿಸಿ, ಅವನು ಕುಣಿಗೆ ಕಾಲಿಟ್ಟು ಕೂತ. ಕ್ಷಮಿಸಿದ ಎಂದು ನಾನು ಹೇಳುತ್ತಿಲ್ಲ. ಸಂಜೆ ಜಗಳ, ಬೆಳಿಗ್ಗೆ ರಾಜಿ ಆಗುವುದು ನಾಟಕದಲ್ಲಿ. ಎಂಟು ದಿನ ಅವನು ಮಾವನ ಜೊತೆ ಹೂಂ, ಊಹೂಂ ಬಿಟ್ಟರೆ ಬೇರೆ ಮಾತಾಡಲಿಲ್ಲ. ಸೊಟ್ಟಗೇ ನೇಯ್ದ. ಗುಡ್ಡಪ್ಪ ಬಾಜೂಕೆ ಕೂತ. ಅಂಚು ಒಳಗೆ ಸರಿಯುವುದು ಕಣ್ಣಿಗೆ ಕಂಡಾಗಲೆಲ್ಲ ಅವನ ಬೆರಳು ತುರಿಸುತ್ತಿದ್ದವು. ಏನು ಮಾಡಿದ ಗೊತ್ತೇ? ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತ. ನಗಬೇಡಿ. ಅದಕ್ಕಿಂತ ದೊಡ್ಡ ತಪಸ್ಸನ್ನು ನಾನು ಕಂಡಿಲ್ಲ.

ಒಂಬತ್ತನೆಯ ದಿನ ಹಾಲೇಶ ಲಾಳಿ ನಿಲ್ಲಿಸಿದ. "ಮಾವಾರ, ಇಲ್ಲಿ ನೋಡ್ರಿ. ಅಂಚು ಒಳಗ ಒಳಗ ಬರಾಕತ್ತೈತಿ. ಏನ್ ಮಾಡ್ಲಿ?"

ಗುಡ್ಡಪ್ಪ ಕೈ ಹೊರಗೆ ತೆಗೆಯಲಿಲ್ಲ. ಬಾಯಲ್ಲೇ ಹೇಳಿದ. "ಲಾಳಿ ದಾಟಿಸಿದ ಮ್ಯಾಲೆ ನೂಲು ಎಳೀಬ್ಯಾಡ. ತುಸು ಸಡಿಲ ಬಿಡು, ಕಮಾನಿನಂಗ ಬೀಳಲಿ. ಆಮ್ಯಾಲೆ ಬಡಿ."

ಹಾಲೇಶ ಹಾಗೇ ಮಾಡಿದ. ಹತ್ತು ಸಲ ಮಾಡಿದ. ಅಂಚು ನಿಂತಿತು.

"ಇಷ್ಟ ಏನ್ರಿ?" ಎಂದು ಕೇಳಿದ.

"ಇಷ್ಟ" ಎಂದ ಗುಡ್ಡಪ್ಪ. ಹೇಳುತ್ತಾ ಹೇಳುತ್ತಾ ಅವನ ಕಣ್ಣಲ್ಲಿ ನೀರು ಬಂತು. ಯಾಕೆಂದರೆ ಈ ಒಂದು ಮಾತನ್ನು ಅವನು ಅಷ್ಟು ತಿಂಗಳಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಬಿಚ್ಚುವುದರಲ್ಲಿ ಎಷ್ಟು ತೊಡಗಿದ್ದನೆಂದರೆ ಹೇಳಿಕೊಡುವುದನ್ನೇ ಮರೆತಿದ್ದ. ಆ ಶಾಲು ಯುಗಾದಿಯ ಮುಂದೆ ಮುಗಿಯಿತು. ಅರ್ಧ ಸೊಟ್ಟ, ಅರ್ಧ ನೇರ. ಮುದುಕಿ ಅದನ್ನು ಹೊದ್ದು ಇನ್ನೂ ಆರು ಚಳಿಗಾಲ ಕಳೆದಳು. ಹಾಲೇಶ ಆ ಮನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ.

ಕಥೆ ಇಷ್ಟೇ. ಈಗ ನಿಮ್ಮ ಕಡೆ ಬರುತ್ತೇನೆ. ಎದ್ದು ಹೋಗಬೇಡಿ, ಇಷ್ಟು ಹೊತ್ತು ನಕ್ಕಿದ್ದೀರಿ, ಈಗ ಬಾಕಿ ಕೊಡಬೇಕು.

ನಿಮ್ಮ ಮನೆಯಲ್ಲಿ ಮಗ್ಗ ಇಲ್ಲದಿರಬಹುದು. ಬಿಚ್ಚುವ ಕೈ ಇಲ್ಲವೇ? ಸೊಸೆ ಬೆಳಿಗ್ಗೆ ಎದ್ದು ಅಂಗಳಕ್ಕೆ ರಂಗೋಲಿ ಹಾಕುತ್ತಾಳೆ. ಅವಳು ಒಳಗೆ ಹೋದ ಮೇಲೆ ಕಾಲಿನಿಂದ ಒರೆಸಿ ಮತ್ತೆ ಹಾಕಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಬೇಡಿ, ಮುಖ ನೋಡಿದರೆ ಸಾಕು. ಗಂಡಸರು ಹಲ್ಲು ಕಿಸಿಯುವುದು ಬೇಡ. ಮಗ ಹೊಲದಲ್ಲಿ ಸಾಲು ಹೊಡೆದರೆ ಅವನೆದುರೇ ಎತ್ತು ತಿರುಗಿಸಿ ಮತ್ತೆ ಹೊಡೆಯುತ್ತೀರಿ. ಹೆಂಡತಿ ಮಡಚಿಟ್ಟ ಅಂಗಿಯನ್ನು ಕೊಡವಿ ಮತ್ತೆ ಮಡಚುತ್ತೀರಿ, ಅವಳು ನೋಡುವ ಹಾಗೆ. ನಾನೇನು ಬಿಟ್ಟವನೇ? ನಮ್ಮ ಮಠದಲ್ಲಿ ಕಸ ಗುಡಿಸುವ ಒಬ್ಬರು ಬರುತ್ತಾರೆ. ಅವರು ಹೋದ ಮೇಲೆ ನಾನು ಪೊರಕೆ ಹಿಡಿದು ಮೂಲೆ ಗುಡಿಸುತ್ತಿದ್ದೆ. ಇದು ಶುಚಿ ಎಂದುಕೊಂಡಿದ್ದೆ. ಒಂದು ದಿನ ಅವರು ಮರೆತ ಚೀಲಕ್ಕೆಂದು ವಾಪಸು ಬಂದು ನೋಡಿಬಿಟ್ಟರು. ಅವತ್ತಿನ ಅವರ ಮುಖ ನನಗೆ ಇನ್ನೂ ಊಟ ಸೇರಲು ಬಿಡುವುದಿಲ್ಲ.

ನೋಡಿ, ನೀವು ಮತ್ತೆ ಹಾಕಿದ ರಂಗೋಲಿ ಚೆಂದವೇ ಇರುತ್ತದೆ. ನಾನು ಒಪ್ಪುತ್ತೇನೆ. ಅದರ ಕೆಳಗೆ ಸವೆಯುತ್ತಿರುವ ಎಳೆ ಯಾವುದು? ಆ ಹುಡುಗಿಯ ಮನಸ್ಸು. ಇವತ್ತು ಹರಿಯುವುದಿಲ್ಲ. ಮುಂದೊಂದು ದಿನ, ನಿಮಗೆ ಚಳಿಯಾಗಿ ಆ ಸಂಬಂಧವನ್ನು ಹೆಗಲ ಮೇಲೆ ಎಳೆದುಕೊಳ್ಳುತ್ತೀರಲ್ಲ, ಆವತ್ತು ಪರ್ ಅನ್ನುತ್ತದೆ. ಆಗ ನೀವು ಹೇಳುವುದೂ ನನಗೆ ಗೊತ್ತು. ಹೊಸ ಕೈ, ಅವಳದೇ ತಪ್ಪು ಅನ್ನುತ್ತೀರಿ.

ಹಾಗಾದರೆ ತಪ್ಪಾದರೂ ಸುಮ್ಮನಿರಬೇಕೇ ಎಂದು ಕೇಳುತ್ತೀರಿ. ಇಲ್ಲ. ಬಾಯಿ ಇದೆಯಲ್ಲ, ಹೇಳಿ. ಕೂತು, ಒಂದು ಮಾತಿನಲ್ಲಿ, ಕೇಳಿದಾಗ ಹೇಳಿ. ಕೇಳುವವರೆಗೆ ಕೈ ತೊಡೆಯ ಕೆಳಗಿರಲಿ. ಮತ್ತೆ, ಈಗಾಗಲೇ ಬಿಚ್ಚಿದ್ದೀರಾ? ಬಹಳ ವರ್ಷದಿಂದ ಬಿಚ್ಚುತ್ತಿದ್ದೀರಾ? ಹೋಗಿ ಅವರೆದುರು ಒಪ್ಪಿಕೊಳ್ಳಿ. ಬರಿ ತಲೆಯಲ್ಲೇ ಹೋಗಿ. ತಡವಾಯಿತು ಅನ್ನಬೇಡಿ. ಗುಡ್ಡಪ್ಪ ಹೋಗುವಾಗ ಬುತ್ತಿ ಕಟ್ಟಿಯಾಗಿತ್ತು.

ಕೊನೆಗೆ ಒಂದು ಮಾತು. ಇವತ್ತಿನ ಪ್ರಸಾದ ಮಾಡಿದವರು ನಮ್ಮ ಯಾವಾಗಲಿನ ಅಡುಗೆಯವರಲ್ಲ. ಈ ವರ್ಷ ಈ ಊರಿಗೆ ಮದುವೆಯಾಗಿ ಬಂದ ಹೊಸ ಸೊಸೆಯರು. ನಾನೇ ಹೇಳಿ ಮಾಡಿಸಿದ್ದು. ಅತ್ತೆಯರನ್ನು ಒಲೆಯ ಹತ್ತಿರ ಬಿಡಬೇಡಿ ಎಂದೂ ನಾನೇ ಹೇಳಿದ್ದು. ಗೋಧಿ ಹುಗ್ಗಿ ತಳ ಹಿಡಿದ ವಾಸನೆ ಆಗಿನಿಂದ ನಿಮ್ಮ ಮೂಗಿಗೆ ಬಡಿಯುತ್ತಿದೆ, ನನ್ನ ಮೂಗಿಗೂ ಬಡಿದಿದೆ. ಇಬ್ಬರು ತಾಯಂದಿರು ಎರಡು ಸಲ ಸೆರಗು ಕಟ್ಟಿ ಏಳಲು ಹೋದದ್ದನ್ನು ಇಲ್ಲಿಂದಲೇ ನೋಡಿದ್ದೇನೆ.

ಯಾರೂ ಹೋಗಿ ಸೌಟು ಕಸಿದುಕೊಳ್ಳಬೇಡಿ. ಆ ಹುಡುಗಿಯರು ಬಡಿಸುತ್ತಾರೆ, ನೀವು ಉಣ್ಣಿ. ಪೂರ್ತಿ ಉಣ್ಣಿ. ಆಮೇಲೆ ಅವರಲ್ಲಿ ಯಾರಾದರೂ ನಿಮ್ಮ ಹತ್ತಿರ ಬಂದು, ಅತ್ತೀ, ಉರಿ ಯಾವಾಗ ತಗ್ಗಿಸಬೇಕಿತ್ತು ಎಂದು ಕೇಳಿದರೆ, ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡಿ. ಏಳಿ, ಎಲೆ ಹಾಕಿದ್ದಾರೆ.